ಮಳೆ ಇಲ್ಲದ ಊರಿನ ಕವಿತೆ

ನಮ್ಮ ಕನ್ನಡ ಸರ್ ಹೋದ ವರ್ಷ ತೀರಿಕೊಂಡರು. ತೊಂಬತ್ತು ದಾಟಿತ್ತು. ಸುದ್ದಿ ಕೇಳಿದಾಗ ಅವರು ಮಾಡಿದ ಒಂದು ಪಾಠವೂ ನೆನಪಾಗಲಿಲ್ಲ. ನಾಲಿಗೆಯ ಮೇಲೆ ಹಸಿ ಕಡಲೆ ಗಿಡದ ಹುಳಿ ಬಂತು.

1985ರ ಜನವರಿ. ಕಲಬುರಗಿ ಕಡೆಯ ಸೇಡಂನಲ್ಲಿ ನಾವು ಒಂಬತ್ತನೇ ಕ್ಲಾಸು. ಪುಸ್ತಕದಲ್ಲಿ ಮಲೆನಾಡಿನ ಮಳೆಯ ಪದ್ಯವೊಂದಿತ್ತು. ನಾನು ಎದ್ದು ಕೇಳಿದೆ: "ಸರ್, ನಮ್ಮ ಕಡಿ ಕಾಡಿಲ್ಲ, ಮಳಿ ಇಲ್ಲ. ನಾವು ಕವಿತಾ ಹೆಂಗ ಬರಿಯೋದ್ರಿ?"

ಸರ್ ಪುಸ್ತಕ ಮುಚ್ಚಿದರು. "ಮಳಿ ಇಲ್ಲಂದ್ರ ಬಿಸಲ ಬರಿ" ಎಂದರು.

ಅವತ್ತು ಇಡೀ ಕ್ಲಾಸು ಬೇವಿನ ಗಿಡದ ಕೆಳಗೆ. ಕುವೆಂಪು ಅವರಿಗೆ ಕುಪ್ಪಳಿಯ ಕವಿಶೈಲ ಇತ್ತು, ಬೇಂದ್ರೆಯವರಿಗೆ ಧಾರವಾಡದ ಸಾಧನಕೇರಿ ಇತ್ತು, ಕುಮಾರವ್ಯಾಸನಿಗೆ ಗದುಗಿನ ವೀರನಾರಾಯಣನ ಗುಡಿ ಇತ್ತು ಅಂತ ಹೇಳುತ್ತಾ ಹೋದರು. ಆಮೇಲೆ ಧೋತರದ ಚುಂಗು ಹಿಡಿದು ಎದ್ದು ನಿಂತು, "ನಮಗ ಕಾಗಿಣಾ ಅದ" ಎಂದರು. ಕಾಗಿಣಾ ನಮ್ಮ ಸೀಮೆಯ ಹೊಳೆ, ಅದರ ದಂಡೆಯಲ್ಲೇ ಮಳಖೇಡ. ಮಳಖೇಡ ಅಂದರೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕನ್ನಡದಲ್ಲಿ ನಮಗೆ ಸಿಕ್ಕ ಅತ್ಯಂತ ಹಳೆಯ ಗ್ರಂಥ 'ಕವಿರಾಜಮಾರ್ಗ'. ಅದು ಸುಮಾರು 850ರ ಹೊತ್ತಿಗೆ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ್ದು. ಕಾವೇರಿಯಿಂದ ಗೋದಾವರಿವರೆಗಿನ ಈ ನಾಡಿನ ಜನ ಓದದೆಯೂ ಕಾವ್ಯ ಬಲ್ಲವರು ಅಂತ ಅದರಲ್ಲಿದೆ. ಈ ಮಾತು ಬಂದಾಗಲೆಲ್ಲ ಸರ್ ದನಿ ಏರುತ್ತಿತ್ತು. ಅವರದೇ ಕಥೆಯಲ್ವಾ ಅದು! 1948ರವರೆಗೆ ನಮ್ಮ ಸೀಮೆ ನಿಜಾಮನ ಕೈಯಲ್ಲಿತ್ತು. ಅವರು ಹುಡುಗರಾಗಿದ್ದಾಗ ಶಾಲೆಯಲ್ಲಿ ಓದಿದ್ದು ಉರ್ದು. ಕನ್ನಡ ಕಲಿತದ್ದು ರಾತ್ರಿ ಭಜನೆಯಲ್ಲಿ, ಕಡಕೋಳ ಮಡಿವಾಳಪ್ಪನವರ ತತ್ವಪದ ಕೇಳಿ ಕೇಳಿ.

ನಮ್ಮ ತಲೆಯಲ್ಲಿ ಕಾಗಿಣಾ ಕೂತುಬಿಟ್ಟಿತು. ಮುಂದಿನ ಶನಿವಾರ ಗಣಿತದ ಕ್ಲಾಸು ತಪ್ಪಿಸಿ ನಾಲ್ವರು ಮಳಖೇಡದ ಬಸ್ಸು ಹತ್ತಿದೆವು. ಕೋಟೆಯ ಗೋಡೆ ಬಿದ್ದಿತ್ತು, ಹೊಳೆ ಸಣ್ಣಗೆ ಹರಿಯುತ್ತಿತ್ತು. ಗೋಡೆಯ ನೆರಳಿಗೆ ಕೂತು ನೋಟ್‌ಬುಕ್ ತೆಗೆದೆವು. ಅರ್ಧ ಗಂಟೆ ಏನೂ ಬರಲಿಲ್ಲ. ಹಸಿವು ಮಾತ್ರ ಬಂತು. ಪಕ್ಕದ ಹೊಲಕ್ಕಿಳಿದು ಕಡಲೆ ಗಿಡ ಕಿತ್ತು ತಿಂದೆವು. ಬೆರಳೆಲ್ಲ ಹುಳಿ. ಬದುವಿನಾಚೆ ಒಣಗಿ ನಿಂತ ತೊಗರಿ. ಗಾಳಿ ಬೀಸಿದಾಗ ಕಾಯೊಳಗಿನ ಕಾಳು ಗಲಗಲ ಅಂದವು. ಆಗ ಬರೆಯತೊಡಗಿದೆ. ಅಷ್ಟರಲ್ಲಿ "ಯಾರಲೇ ಅದು!" ಅಂತ ಕೂಗು. ಹೊಲ ನಮ್ಮಲ್ಲೊಬ್ಬನ ಸೋದರಮಾವನದೇ ಆಗಿತ್ತು.

ಸೋಮವಾರ ಮಾವ ಶಾಲೆಗೇ ಬಂದರು. ಹೆಡ್‌ಮಾಸ್ತರರು ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಕನ್ನಡ ಸರ್‌ಗೂ ಕರೆ ಹೋಯಿತು. ಅವರು ಬಂದು ನನ್ನನ್ನು ಕೇಳಿದ್ದು ಒಂದೇ ಮಾತು: "ಏನ್ ಬರದೀಪಾ?"

ನಡುಗುತ್ತಾ ನೋಟ್‌ಬುಕ್ ಕೊಟ್ಟೆ. ನಾಲ್ಕು ಸಾಲಿತ್ತು. ಮುಗಿಲು, ನವಿಲು, ಹಸಿರು ಅಂತಿದ್ದ ಮೂರು ಸಾಲು ಹೊಡೆದು ಹಾಕಿದರು. 'ಒಣಗಿದ ಮೇಲೆ ತೊಗರಿಗೆ ಮಾತು ಬಂತು' ಎಂಬ ಸಾಲಿನ ಕೆಳಗೆ ಗೆರೆ ಎಳೆದರು. "ಇದೊಂದೇ ನಿಂದದ. ಉಳದದ್ದು ಪುಸ್ತಕದ್ದು." ಆಮೇಲೆ ಮಾವನ ಕಡೆ ತಿರುಗಿ ಕೈಮುಗಿದರು. ಕಡಲೆಯ ದುಡ್ಡು ಕೊಡಲು ಹೋದರು. ಮಾವ ತೆಗೆದುಕೊಳ್ಳಲಿಲ್ಲ.

ಇವತ್ತು ನನ್ನ ಎರಡು ಕವನ ಸಂಕಲನ ಬಂದಿವೆ. ಮೈಸೂರು ದಸರಾ ಕವಿಗೋಷ್ಠಿಯಲ್ಲೂ ಓದಿದ್ದೇನೆ. ಅಲ್ಲಿ ಓದಿದ್ದು ಕಾಗಿಣೆಯ ಕವಿತೆ. ಮುಗಿದ ಮೇಲೆ ಹಿರಿಯರೊಬ್ಬರು ಬಂದು, ಈ ಬಿಸಿಲು ನಾವು ನೋಡಿರಲಿಲ್ಲ ಎಂದರು. ಆ ರಾತ್ರಿಯೇ ಸರ್‌ಗೆ ಫೋನು ಮಾಡಿ ಹೇಳಿದೆ. ಅವರು ಬಹಳ ಹೊತ್ತು ಸುಮ್ನೆ ಇದ್ದರು.

ಮೊನ್ನೆ ಶಾಲೆಗೆ ಕರೆದಿದ್ದರು. ಮಕ್ಕಳು ಚುರುಕು, ನನಗಿಂತ ಜಾಸ್ತಿ ಓದಿದ್ದಾರೆ. ಪದ್ಯದ ಸಾರಾಂಶ ಕೇಳಿದರೆ ಗೈಡಿನಲ್ಲಿದ್ದ ಹಾಗೇ ಒಪ್ಪಿಸುತ್ತಾರೆ. ಮಳಖೇಡದ ಕೋಟೆ ನೋಡಿದವರು ಯಾರು ಅಂದೆ. ಮೂರು ಕೈ ಎದ್ದವು. ನನಗೆ ಸಂಕಟವಾಯಿತು. ಅಂಕ ಬೇಕು, ಒಪ್ಪುತ್ತೇನೆ. ಆದರೆ ಬೇವಿನ ಗಿಡದ ಕೆಳಗೆ ಒಂದು ಪಿರಿಯಡ್ ಕೂರಲೂ ಪುರುಸೊತ್ತಿಲ್ಲವೇ?

ಹೆಡ್‌ಮಾಸ್ತರರನ್ನು ಕೇಳಿಕೊಂಡೆ, ಒಪ್ಪಿದ್ದಾರೆ. ಬರುವ ಜನವರಿಯಲ್ಲಿ, ತೊಗರಿ ಒಣಗುವ ಹೊತ್ತಿಗೆ, ಒಂಬತ್ತನೇ ಕ್ಲಾಸನ್ನು ಕಾಗಿಣಾ ದಂಡೆಗೆ ಕರೆದೊಯ್ಯುತ್ತೇನೆ. ಬಸ್ಸಿನ ಖರ್ಚು ನನ್ನದು. ಕಡಲೆ ಹೊಲದವರಿಗೆ ಮೊದಲೇ ಹೇಳಿಟ್ಟಿರುತ್ತೇನೆ.