ಅಳೆಯುವುದನ್ನು ಕಲಿತದ್ದು

ಸ್ತ್ರೀರೋಗ ವಿಭಾಗದ ಸ್ನಾತಕೋತ್ತರ ಓದು ಮುಗಿಸಿ ಯುರೋಗೈನಕಾಲಜಿ, ಅಂದರೆ ಮಹಿಳೆಯರ ಮೂತ್ರ ಸೋರಿಕೆ ಮತ್ತು ಗರ್ಭಕೋಶ ಜಾರುವಿಕೆಯಂಥ ತೊಂದರೆಗಳ ವಿಭಾಗದ ಫೆಲೋಶಿಪ್‌ಗೆ (ಉನ್ನತ ತರಬೇತಿಗೆ) ಸೇರಿದಾಗ, ಜಾರಿದ ಗರ್ಭಕೋಶದ ಶಸ್ತ್ರಚಿಕಿತ್ಸೆಯಲ್ಲಿ ಕೈ ಪಳಗಿಸಿಕೊಳ್ಳುವುದೇ ಇಲ್ಲಿನ ಕೆಲಸ ಎಂದುಕೊಂಡಿದ್ದೆ. ಮೊದಲ ವಾರ ನನ್ನ ಕೈಗೆ ಕೊಟ್ಟದ್ದು ಸೆಂಟಿಮೀಟರ್ ಗುರುತುಗಳಿದ್ದ ಒಂದು ಕಡ್ಡಿಯನ್ನು.

ಅಂಗ ಎಷ್ಟು ಜಾರಿದೆ ಎಂದು ಅಳೆಯಲು 1996ರಲ್ಲಿ ಪ್ರಕಟವಾದ ಪಿಒಪಿ-ಕ್ಯೂ ಪದ್ಧತಿಯಲ್ಲಿ ಕನ್ಯಾಪೊರೆಯ ಮಟ್ಟವನ್ನು ಸೊನ್ನೆ ಎಂದು ಹಿಡಿದು, ಒಳಗುಳಿದ ಬಿಂದುವಿಗೆ ಋಣ, ಹೊರಗೆ ಇಳಿದದ್ದಕ್ಕೆ ಧನ ಎಂದು ಗುರುತಿಸಿ, ಒಟ್ಟು 9 ಅಳತೆಗಳನ್ನು ಬರೆಯಬೇಕು. ನಾನು −1 ಎಂದು ಬರೆದಿದ್ದ ಒಂದು ಅಳತೆಯನ್ನು ನಮ್ಮ ಮೇಡಂ +2 ಎಂದು ತಿದ್ದಿದರು. ಅಳೆಯುವಾಗ ತಿಣುಕಿದರೆ ಮೂತ್ರ ಸೋರೀತೆಂಬ ಸಂಕೋಚದಿಂದ ಆ ಮಹಿಳೆ ಬಿಗಿಹಿಡಿದು ಮಲಗಿದ್ದರು. ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಮೇಡಂ ಆ ಮಹಿಳೆಯನ್ನು ಎದ್ದು ನಿಲ್ಲಿಸಿ, ಸೋರಿದರೂ ಪರವಾಗಿಲ್ಲವೆಂದು ಹೇಳಿ, ಮತ್ತೆ ಅಳೆದಿದ್ದರು.

ಪ್ರಶ್ನೆ ಕೇಳುವುದೂ ಹೀಗೆಯೇ. ಕೆಮ್ಮಿದಾಗ ಸೋರುತ್ತದೆಯೋ, ತಡೆಯಲಾಗದ ಅವಸರವಾಗಿ ಶೌಚಾಲಯ ತಲುಪುವ ಮೊದಲೇ ಹೋಗಿಬಿಡುತ್ತದೆಯೋ ಎಂಬುದನ್ನು ಬಿಡಿಸಿಕೊಳ್ಳದೆ ಮುಂದುವರಿಯುವಂತಿಲ್ಲ. ಏಕೆಂದರೆ ಮೂತ್ರದ್ವಾರದ ನಾಳದಡಿ ಪಟ್ಟಿ ಕೂರಿಸುವ ಶಸ್ತ್ರಚಿಕಿತ್ಸೆ ಮೊದಲನೆಯದಕ್ಕೆ ಹೊಂದುತ್ತದೆ, ಎರಡನೆಯದಕ್ಕೆ ಬೇಕಾದದ್ದು ಮೂತ್ರಕೋಶದ ಅಭ್ಯಾಸ ಮತ್ತು ಔಷಧ. ಮೂರು ದಿನ ಕುಡಿದದ್ದನ್ನೂ ಹೋದದ್ದನ್ನೂ ಬರೆದಿಟ್ಟ ಒಂದು ಹಾಳೆ ಎಷ್ಟೋ ಸಲ ದುಬಾರಿ ಪರೀಕ್ಷೆಗಿಂತ ಹೆಚ್ಚು ಹೇಳುತ್ತದೆ.

ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ನನ್ನನ್ನು ಇಂದಿಗೂ ಬೆವರಿಸುವುದು ಕೊನೆಯ ಕೆಲವು ನಿಮಿಷಗಳು. ಯೋನಿಯ ತುದಿಯನ್ನು ಹಿಂದಿನ ಅಸ್ಥಿರಜ್ಜುಗಳಿಗೆ ಹೊಲಿದ ಮೇಲೆ, ಪಕ್ಕದಲ್ಲೇ ಹಾದುಹೋಗುವ ಮೂತ್ರಪಿಂಡದ ನಾಳ ಹೊಲಿಗೆಗೆ ಸಿಕ್ಕಿ ಮಡಿಸಿಕೊಂಡಿರಬಹುದಾದ್ದರಿಂದ, ಮೂತ್ರಕೋಶದ ಒಳಗನ್ನು ತೋರಿಸುವ ಸಿಸ್ಟೋಸ್ಕೋಪ್ ಹಾಕಿ ಎರಡೂ ಬದಿಯ ನಾಳಗಳ ಬಾಯಿಗಳಿಂದ ಮೂತ್ರ ಚಿಮ್ಮುವುದನ್ನು ನೋಡಬೇಕು. ಬಲಗಡೆ ಚಿಮ್ಮಿತು, ಎಡಗಡೆ ಇಲ್ಲ; ಅನುಮಾನ ತೀರದಿದ್ದರೆ ಹೊಲಿಗೆ ಬಿಚ್ಚಲೇಬೇಕು.

ಅಮೆರಿಕದಲ್ಲಿ 2011ರಲ್ಲಿ ಯುರೋಗೈನಕಾಲಜಿ ಮಾನ್ಯತೆ ಪಡೆದ ಉಪವಿಶೇಷತೆಯಾಯಿತು; ಅಲ್ಲಿ ಸ್ತ್ರೀರೋಗ ತಜ್ಞರಿಗೆ 3 ವರ್ಷ, ಮೂತ್ರರೋಗ ತಜ್ಞರಿಗೆ 2 ವರ್ಷದ ತರಬೇತಿ. ಯೋನಿಯ ಮೂಲಕ ಮೆಶ್ ಎಂಬ ಕೃತಕ ಬಲೆ ಕೂರಿಸಿ ಜಾರುವಿಕೆ ಸರಿಪಡಿಸುವ ಉತ್ಪನ್ನಗಳ ಮಾರಾಟವನ್ನು 2019ರಲ್ಲಿ ಅಲ್ಲಿನ ಔಷಧ ಮತ್ತು ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಿಲ್ಲಿಸಿದ ಬಳಿಕ, ಹೊಸ ಸಾಧನವನ್ನು ಅನುಮಾನದಿಂದ ನೋಡುವುದೂ ಪಾಠದ ಭಾಗವೆಂದೇ ನಾನು ಎಣಿಸುತ್ತೇನೆ.

ನನ್ನ ಲಾಗ್‌ಬುಕ್ ಮಾತ್ರ ಶಸ್ತ್ರಚಿಕಿತ್ಸೆಗಳನ್ನಷ್ಟೇ ಎಣಿಸುತ್ತದೆ. ಶಸ್ತ್ರಚಿಕಿತ್ಸೆ ಬೇಡವೆಂದ ಒಬ್ಬರಿಗೆ, ಜಾರಿದ ಅಂಗವನ್ನು ಒಳಗಿನಿಂದ ಎತ್ತಿಹಿಡಿಯುವ ಪೆಸರಿ ಬಳೆಯನ್ನು ತಾವೇ ಮಡಿಸಿ ಹಾಕಿಕೊಳ್ಳಲು, ತೆಗೆದು ತೊಳೆಯಲು ಕಲಿಸುತ್ತಾ ಒಂದು ಮಧ್ಯಾಹ್ನ ಕಳೆದೆ. ಮೂರನೆಯ ಪ್ರಯತ್ನಕ್ಕೆ ಅದು ಸರಿಯಾಗಿ ಕೂತಿತು. ಅದನ್ನು ಬರೆಯಲು ಅದರಲ್ಲಿ ಜಾಗವಿರಲಿಲ್ಲವಾದ್ದರಿಂದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟೆ.