ವಿಜಯಪುರದ ಟೆರೇಸ್ ಮೇಲೆ ನಾನು ಹಾಕಿಸಿದ ಕರಿ ಶೀಟ್

ಬೆಳಗಾವಿಯಲ್ಲಿ ಟೆರೇಸ್ ವಾಟರ್‌ಪ್ರೂಫಿಂಗ್ ಮಾಡಿಸೋದು ನನ್ನ ಕೆಲಸ. ಜನ ಫೋನ್ ಮಾಡೋದು ಮಳೆ ಹಿಡಿದ ಮೇಲೆ, ಏನೂ ಮಾಡಲಾಗದ ಹೊತ್ತಿನಲ್ಲಿ. ವಿಜಯಪುರದ ಈ ಮಾಲೀಕರು ಮಾತ್ರ ಏಪ್ರಿಲ್‌ನಲ್ಲೇ ಕರೆದಿದ್ದರು. ಕೈತುಂಬ ಸಮಯ ಕೊಟ್ಟಿದ್ದರು. ಆದರೂ ಕೆಲಸ ಕೆಟ್ಟಿತು, ಕೆಡಿಸಿದವನು ನಾನೇ.

ಕೆಳಗೆ ಎಂಟು ಮಳಿಗೆ, ಮೇಲಿನ ಮಹಡಿ ಪೂರ್ತಿ ಸೀರೆ ಅಂಗಡಿ. ಟೆರೇಸ್ ಸುಮಾರು 4,500 ಚದರಡಿ. ಅದರ ಮೇಲೆ ಹಳೇ ಬ್ರಿಕ್ ಬ್ಯಾಟ್ ಕೋಬಾ. ಇಟ್ಟಿಗೆ ಚೂರುಗಳನ್ನು ಗಾರೆಯಲ್ಲಿ ಕೂರಿಸಿ, ನೀರು ಹರಿಯೋ ಹಾಗೆ ವಾಟ ಕೊಟ್ಟು, ಮೇಲೆ ಸಿಮೆಂಟ್ ಎಳೆಯೋದು. ನಮ್ಮ ಕಡೆ ಗೌಂಡಿಗಳಿಗೆ ಕಣ್ಣುಮುಚ್ಚಿಕೊಂಡು ಮಾಡೋಕೆ ಬರುವ ಕೆಲಸ. ಈ ಕೋಬಾ ಮಾತ್ರ ಬಿರುಕು ಬಿಟ್ಟಿತ್ತು.

ಮಾಲೀಕರು ಬಿಳಿ ಅಕ್ರಿಲಿಕ್ ಕೋಟಿಂಗ್ ಸಾಕು ಅಂದರು. ಅಗ್ಗ, ಬಿಸಿಲನ್ನು ವಾಪಸ್ ಕಳಿಸುತ್ತದೆ, ಕೆಳಗೆ ತಂಪು. ಆದರೆ ನೀರು ನಿಂತಲ್ಲಿ ಅದು ಮೆತ್ತಗಾಗಿ ಸಿಪ್ಪೆ ಏಳುತ್ತದೆ, ಮತ್ತು ಆ ಟೆರೇಸ್‌ನಲ್ಲಿ ಮೂರು ಕಡೆ ನೀರು ನಿಲ್ಲುತ್ತಿತ್ತು. ಬೇಡ ಅಂದೆ. ಅಲ್ಲಿಯವರೆಗೆ ನಾನು ಹೇಳಿದ್ದು ಸರಿ. ಆಮೇಲೆ ಅಂದೆ ನೋಡಿ, "4 ಮಿಮೀ ಎಪಿಪಿ ಶೀಟ್ ಹಾಕೂಣ್ರಿ. ಬೆಳಗಾವಿ ಮಳಿ ತಡದೈತಿ, ಇಲ್ಲೀದು ತಡಿಯೂದಿಲ್ಲೇನು?"

ಎಪಿಪಿ ಅಂದರೆ ಪಾಲಿಮರ್ ಬೆರೆಸಿದ ಡಾಂಬರಿನ ಶೀಟ್. ಒಂದು ಮೀಟರ್ ಅಗಲ, ಹತ್ತು ಮೀಟರ್ ಉದ್ದದ ಸುರುಳಿ ಬರುತ್ತದೆ. ಗ್ಯಾಸ್ ಬರ್ನರ್‌ನಿಂದ ಅಡಿ ಕಾಯಿಸುತ್ತಾ ಬಿಚ್ಚಬೇಕು, ಪಕ್ಕದ ಶೀಟಿನ ಮೇಲೆ 100 ಮಿಮೀ ಹತ್ತಿಸಬೇಕು. ಬೆಳಗಾವಿಯ ಉದ್ಯಮಬಾಗದ ವರ್ಕ್‌ಶಾಪ್‌ಗಳ ಮೇಲೆ ಎಷ್ಟೋ ಸಲ ಹಾಕಿಸಿದ್ದೇನೆ. ಯಾವತ್ತೂ ಮರ್ಯಾದೆ ಕಳೆದಿರಲಿಲ್ಲ.

ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ. ಸ್ಲ್ಯಾಬ್ ಒಣಗೋದೇ ಇಲ್ಲ. ವಿಜಯಪುರದಲ್ಲಿ ಮಳೆ ಅದರ ಅರ್ಧದಷ್ಟು, ವರ್ಷಕ್ಕೆ ಸುಮಾರು 600 ಮಿಮೀ. ಅಲ್ಲಿ ಕಾಟ ಕೊಡೋದು ಬಿಸಿಲು. ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟುತ್ತದೆ, ಕರಿ ಶೀಟ್ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಕಾಂಕ್ರೀಟೂ ಸುಮ್ನೆ ಕೂರಲ್ಲ. 30 ಮೀಟರ್ ಉದ್ದದ ಸ್ಲ್ಯಾಬ್ 30 ಡಿಗ್ರಿ ಏರಿದರೆ ಸುಮಾರು 9 ಮಿಮೀ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಪ್ಯಾರಾಪೆಟ್ ಸೇರುವ ಮೂಲೆ ಮೊದಲು ಬಾಯಿ ಬಿಡೋದು ಇದಕ್ಕೇ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಶೀಟ್ ಆರ್ಡರ್ ಮಾಡಿದೆ.

ಮೇ ತಿಂಗಳು. ಶೀಟ್ ಹಾಸುವ ನಾಲ್ಕು ದಿನ ಮುಂಚೆ ಗುಡುಗಿನ ಮಳೆ ಹೊಡೆಯಿತು. ಎರಡು ದಿನದಲ್ಲಿ ಮೇಲೆಲ್ಲ ಒಣಗಿ ಬೆಳ್ಳಗಾಯಿತು. ನನ್ನ ಜೊತೆಗಿದ್ದ ವಯಸ್ಸಾದ ಗೌಂಡಿ ಉಳಿಯಿಂದ ಕೋಬಾದಲ್ಲಿ ಒಂದಿಷ್ಟು ಕೆತ್ತಿದರು. ಒಳಗಿನ ಇಟ್ಟಿಗೆ ಪುಡಿಯನ್ನು ಬೆರಳ ನಡುವೆ ಹಿಡಿದು ಒತ್ತಿದರು. ಪುಡಿ ಉಂಡೆ ಕಟ್ಟಿತು.

"ಸಾಹೇಬ್ರ, ನೀರು ಒಳಗ ಐತ್ರಿ. ಮ್ಯಾಲ ಮುಚ್ಚಿದ್ರ ಕುದೀತೈತಿ. ನಮ್ಮಪ್ಪ ಮಾಳಗಿಗೆ ಸವಳು ಮಣ್ಣು ಹಾಕತಿದ್ದ. ಅದು ಕುಡದ ನೀರು ಬಿಸಲಿಗೆ ಮ್ಯಾಲ ಹೋಗತಿತ್ತು. ನಿಮ್ಮ ಡಾಂಬರದಾಗಿಂದ ಎಲ್ಲಿಗೆ ಹೋಗಬೇಕ್ರಿ?"

ಬರ್ನರ್ ತಂಡ ಬೆಳಗಾವಿಯಿಂದ ಬಂದು ಲಾಡ್ಜ್‌ನಲ್ಲಿ ಕೂತಿತ್ತು. ದಿನದ ಪಗಾರ ಓಡುತ್ತಿತ್ತು. ಹಾಸಿಬಿಡಿ ಅಂದೆ.

ಮೂರು ವಾರಕ್ಕೆ ಫೋನ್ ಬಂತು. ಹೋಗಿ ನೋಡಿದರೆ ಶೀಟ್ ಮೇಲೆ ಅಲ್ಲಲ್ಲಿ ಗುಳ್ಳೆ. ಕೆಲವು ಇಡ್ಲಿಯಷ್ಟು, ಒಂದೆರಡು ಊಟದ ತಟ್ಟೆಯಷ್ಟು. ದೊಡ್ಡದೊಂದನ್ನು ಕಟರ್‌ನಿಂದ ಕೊಯ್ದೆ. ಪುಸ್ಸೆಂದು ಗಾಳಿ ಹೋಯಿತು, ಹಿಂದೆಯೇ ಬೆಚ್ಚಗಿನ ನೀರು ನನ್ನ ಮಣಿಕಟ್ಟಿನ ಮೇಲೆ ಇಳಿಯಿತು. ಡಾಂಬರ್ ವಾಸನೆಯ ನೀರು. ಗೌಂಡಿ ಪಕ್ಕದಲ್ಲೇ ನಿಂತಿದ್ದರು. ಏನೂ ಅನ್ನಲಿಲ್ಲ, ಪುಣ್ಯಾತ್ಮ.

ಗುಳ್ಳೆಗಳನ್ನು ಕೊಯ್ದು ತೇಪೆ ಹಾಕಿಸಿದೆ. ಅಷ್ಟಕ್ಕೇ ಮುಗಿಯಲಿಲ್ಲ. ಸೆಪ್ಟೆಂಬರ್‌ನಲ್ಲಿ ಎರಡು ದಿನ ಜೋರು ಮಳೆ ಬಂದು ಸೀರೆ ಅಂಗಡಿಯ ಸೀಲಿಂಗ್ ತೊಟ್ಟಿಕ್ಕಿತು. ಇಳಕಲ್ ಸೀರೆಯ ಕಪಾಟಿನ ಮೇಲೇ. ನೀರು ಬೀಳುತ್ತಿದ್ದ ಜಾಗದ ಮೇಲೆ ಶೀಟ್ ಚೆನ್ನಾಗಿಯೇ ಇತ್ತು. ಎರಡು ದಿನ ಹುಡುಕಿದ ಮೇಲೆ ಸಿಕ್ಕಿತು: ಹದಿನೈದು ಅಡಿ ಆಚೆ, ಎಸಿ ಕೂರಿಸಲು ಬಂದವರು ಸ್ಟ್ಯಾಂಡಿನ ಬೋಲ್ಟುಗಳನ್ನು ಶೀಟ್ ತೂತು ಮಾಡಿಯೇ ಬಿಗಿದಿದ್ದರು. ನೀರು ಅಲ್ಲಿ ಇಳಿದು, ಕೋಬಾದೊಳಗೆ ಅಡ್ಡಡ್ಡ ಹರಿದು, ಸ್ಲ್ಯಾಬಿನ ಬಿರುಕು ಸಿಕ್ಕಲ್ಲಿ ಕೆಳಗೆ ಬಿದ್ದಿತ್ತು. ಅವರನ್ನು ಬೈಯೋದರಲ್ಲಿ ಅರ್ಥವಿರಲಿಲ್ಲ. ಟೆರೇಸ್ ಮೇಲೆ ಯಾರು ಯಾರು ಓಡಾಡ್ತಾರೆ ಅಂತ ನಾನೇ ಕೇಳಿರಲಿಲ್ಲ. ಎಸಿಯವರು, ಟ್ಯಾಂಕ್ ತೊಳೆಯುವವರು, ಬೋರ್ಡ್ ಕಟ್ಟುವವರು, ಹಿಂದಿನ ಮನೆಯಲ್ಲಿರುವ ಮಾಲೀಕರ ಮನೆಮಂದಿ. ವರ್ಕ್‌ಶಾಪ್ ಮೇಲೆ ವರ್ಷಕ್ಕೊಂದು ಸಲವೂ ಯಾರೂ ಹತ್ತಲ್ಲ.

ಫೆಬ್ರುವರಿಯಲ್ಲಿ ಶೀಟ್, ಕೋಬಾ ಎಲ್ಲ ಕಿತ್ತೆವು. ಅರ್ಧ ಖರ್ಚು ನನ್ನದು. ಕೀಳೋದಕ್ಕೆ ಮುಂಚೆ, ಹಳೇ ಕೋಬಾ ಮೇಲೇ ಇನ್ನೊಂದು ಕೋಬಾ ಹಾಕಿಬಿಡಿ ಅಂತ ಮಾಲೀಕರ ಅಳಿಯ ಒಂದೇ ಸಮನೆ ಹೇಳುತ್ತಿದ್ದ. ಲೆಕ್ಕ ಹಾಕಿ ತೋರಿಸಿದೆ. ನಾಲ್ಕು ಇಂಚಿನ ಕೋಬಾ ಚದರ ಮೀಟರಿಗೆ 180ರಿಂದ 200 ಕೆಜಿ ಬರುತ್ತದೆ, ಇಡೀ ಟೆರೇಸಿಗೆ ಹತ್ತಿರ ಹತ್ತಿರ 80 ಟನ್. ಇನ್ನೊಂದು 80 ಟನ್ ಹೊರಿಸಲು ಆ ಕಂಬಗಳನ್ನು ಯಾರೂ ಕೇಳಿರಲಿಲ್ಲ. ಸುಮ್ಮನಾದ.

ಬರಿ ಸ್ಲ್ಯಾಬ್ ಬಿಸಿಲು ಕಂಡ ಮೇಲೆ ಒಂದು ಮೀಟರ್ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಒಳಗಡೆ ಹನಿ ಕಟ್ಟಿತ್ತು. ಇನ್ನೊಂದು ವಾರ ಕಾದೆವು. ಮೂರನೇ ಸಲ ಹಾಳೆ ಒಣಗಿತ್ತು. ಇಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ ಅದು, ಹಿಂದಿನ ಮೇ ತಿಂಗಳಲ್ಲೂ ಅಂಗಡಿಯಲ್ಲಿ ಸಿಗುತ್ತಿತ್ತು.

ಆಮೇಲೆ ಬಿರುಕು ತುಂಬಿ, ಮೂಲೆಗೆ ಗೋಲಾ, ಅಂದರೆ ಗಾರೆಯ ದುಂಡು ಅಂಚು ಕಟ್ಟಿ, ಜಾಳಿಗೆ ಬಟ್ಟೆ ಹಾಕಿ ಪಾಲಿಮರ್ ಸಿಮೆಂಟ್ ಎರಡು ಕೋಟ್. 48 ಗಂಟೆ ನೀರು ನಿಲ್ಲಿಸಿ ನೋಡಿದೆವು. ಇಡೀ ಟೆರೇಸಿಗೆ ಎರಡೇ ಪೈಪ್ ಇದ್ದವು, ನಾಲ್ಕು ಮಾಡಿಸಿದೆ. ನೀರು ಹರಿಯುವ ದೂರ ಅರ್ಧವಾದರೆ, ನೂರಕ್ಕೆ ಒಂದರ ವಾಟಕ್ಕೆ ಬೇಕಾದ ಗಾರೆಯ ದಪ್ಪವೂ ಅರ್ಧ. ಮೇಲೆ ಬಿಳಿ ಚೈನಾ ಮೊಸಾಯಿಕ್, ಅಂದರೆ ಒಡೆದ ಟೈಲ್ ಚೂರುಗಳ ಹಾಸು. ತುಳಿತವನ್ನೂ ತಾಳುತ್ತದೆ, ಬಿಸಿಲನ್ನೂ. ಎಸಿಗಳಿಗೆ ಚಿಕ್ಕ ಕಾಂಕ್ರೀಟ್ ಕಟ್ಟೆ.

ಇದರ ನಡುವೆ ಒಬ್ಬರು ಟಿಪಿಒ ಶೀಟಿನ ವಿಡಿಯೋ ತೋರಿಸಿದ್ದರು. ಪ್ಲಾಸ್ಟಿಕ್ ಜಾತಿಯ ಬಿಳಿ ಶೀಟ್, ಬಿಸಿ ಗಾಳಿಯಲ್ಲಿ ಜೋಡು ಬೆಸೆಯೋದು. ದೊಡ್ಡ ಫ್ಯಾಕ್ಟರಿಗೆ ಒಳ್ಳೇದೇ. ನಾಳೆ ಒಂದು ಜೋಡು ಬಿಟ್ಟರೆ ಯಂತ್ರ ಹೊತ್ತುಕೊಂಡು ಯಾರು ಬರ್ತಾರೆ ಅಂದೆ. ಬೆಂಗಳೂರಿನಿಂದ ಅಂದರು. ಅಷ್ಟಕ್ಕೇ ಬಿಟ್ಟೆ.

ಮೊನ್ನೆ ಮಾಲೀಕರ ಫೋನ್. ಎದೆ ಧಸಕ್ಕೆಂದಿತು. ಟೆರೇಸ್ ಮೇಲೆ ಸಂಡಿಗಿ ಹಾಕಬಹುದೇನ್ರಿ ಅಂತ ಮನಿಯಾಗ ಕೇಳಾಕತ್ತಾರ ಅಂದರು. ಹಾಕ್ರಿ, ಆದ್ರ ಕಾಗಿ ಬರ್ತಾವ ಅಂತ ಜಾಳಿಗಿ ಕಟ್ಟಾಕ ಮೊಳಿ ಮಾತ್ರ ಹೊಡೀಬ್ಯಾಡ್ರಿ ಅಂದೆ.