ಸ್ಟಾಂಪಿನ ಮೇಲೆ ಕೂತ ಹುಯಿಯಾ

ಕಪಾಟು ಜೋಡಿಸೋಣ ಅಂತ ಹೋದವನು ಹಳೇ ಸ್ಟಾಂಪ್ ಆಲ್ಬಂ ಹಿಡಿದು ಕೂತುಬಿಟ್ಟೆ. ಕಪಾಟು ಹಾಗೇ ಇದೆ.

ಪ್ರಾಣಿ-ಪಕ್ಷಿಗಳ ಪುಟಗಳಲ್ಲೇ ಜಾಸ್ತಿ ಹೊತ್ತು ಹೋಯಿತು. ಸ್ಟಾಂಪ್ ಅಂದರೆ ರಾಜ-ರಾಣಿಯರ ಮುಖ ಅಂತಿದ್ದ ಕಾಲದಲ್ಲಿ, 1851ರಲ್ಲೇ ಕೆನಡಾ ಒಂದು ಬೀವರ್ ಚಿತ್ರ ಹಾಕಿತ್ತು. ಬಿಡಿಸಿದವರು ಸ್ಯಾಂಡ್‌ಫೋರ್ಡ್ ಫ್ಲೆಮಿಂಗ್ ಎಂಬ ಎಂಜಿನಿಯರ್. 1854ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಪ್ಪು ಹಂಸ ಬಂತು. 1865ರ ನ್ಯೂಫೌಂಡ್‌ಲ್ಯಾಂಡಿನ ಸ್ಟಾಂಪಿನಲ್ಲಿರುವ ಸೀಲ್ ಎಂಬ ಕಡಲಪ್ರಾಣಿ ನೋಡಿದರೆ ಮಾತ್ರ ನಗು. ಈಜುರೆಕ್ಕೆ ಇರಬೇಕಾದ ಜಾಗದಲ್ಲಿ ನಾಯಿಗಿರುವಂಥ ಪಂಜ! ಬಿಡಿಸಿದವನು ಸೀಲ್ ನೋಡೇ ಇರಲಿಲ್ಲವೇನೋ.

ಆದರೆ ಕಣ್ಣು ನೆಟ್ಟಿದ್ದು ನ್ಯೂಜಿಲೆಂಡಿನ 1898ರ ಮೂರು ಪೆನ್ನಿ ಸ್ಟಾಂಪಿನ ಮೇಲೆ. ಕಂದು ಬಣ್ಣ, ಜೋಡಿ ಹುಯಿಯಾ ಹಕ್ಕಿಗಳು. ಭೂತಗನ್ನಡಿ ಹಿಡಿದು ಕೊಕ್ಕು ನೋಡಬೇಕು. ಗಂಡಿನದು ಗಿಡ್ಡ, ಹೆಣ್ಣಿನದು ಉದ್ದಕ್ಕೆ ಬಾಗಿದ ಕುಡುಗೋಲಿನಂತೆ. ಒಂದೇ ಜಾತಿಯ ಹಕ್ಕಿ ಅಂತ ನಂಬೋದೇ ಕಷ್ಟ, ಅಲ್ವಾ? ಬಾಲದ ಬಿಳಿ ತುದಿಯ ಗರಿಗಳಿಗಾಗಿ ಜನ ಇವನ್ನು ಬೇಟೆಯಾಡಿದರು. ಕಾಡೂ ಕಡಿದರು. 1907ರ ನಂತರ ಹುಯಿಯಾ ಕಂಡಿದ್ದಕ್ಕೆ ಖಚಿತ ದಾಖಲೆ ಇಲ್ಲ. ಸ್ಟಾಂಪ್ ಬಂದು ಒಂಬತ್ತೇ ವರ್ಷ.

ಈಗ ಎಷ್ಟೋ ದೇಶಗಳು ಅಳಿವಿನಂಚಿನ ಪ್ರಾಣಿಗಳ ಸ್ಟಾಂಪ್ ತರುತ್ತವೆ. ಬಣ್ಣ ಚೆನ್ನಾಗಿರುತ್ತದೆ. ಆದರೂ ನೋಡುವಾಗ ಒಳಗೆ ಸಣ್ಣಗೆ ಚುರುಕ್ ಅನ್ನುತ್ತದೆ.

ನನ್ನ ಹುಯಿಯಾ ಸ್ಟಾಂಪಿನ ಮೇಲೆ ಅಂಚೆ ಮುದ್ರೆ ಸರಿಯಾಗಿ ಬಾಲದ ಮೇಲೇ ಬಿದ್ದಿದೆ. ಕೊಕ್ಕು ಮಾತ್ರ ಸ್ವಚ್ಛವಾಗಿ ಉಳಿದಿದೆ.